12 ಅಂದ್ರೆ ಎಷ್ಟು? ಒಂದು ಸ್ಮರಣ ಸಂಚಿಕೆಯ ಪ್ರಕರಣ

ಭಾನುವಾರ ಬೆಳಗ್ಗೆ ಮೇಷ್ಟ್ರ ಫೋನು. "ಏನಪ್ಪಾ, ಸಂಚಿಕೆ ವೆಬ್ಬಿಗೆ ಹಾಕಿದೀವಿ ನೋಡಿ ಮೇಷ್ಟ್ರೇ ಅಂದೆ. ನೋಡೋಕೆ ಹೋದ್ರೆ ಇರುವೆ ಸಾಲು ಹೋಗ್ತಾ ಇದೆ. ಅಕ್ಷರ ಎಲ್ಲಿದಾವೆ?"

ನನಗೆ ನಗು ಬಂತು. ಮೇಷ್ಟ್ರಿಗೆ ಈಗ ಎಪ್ಪತ್ತೆಂಟು. ಕನ್ನಡಕ ಬದಲಾಯಿಸುವ ಕಾಲ ಬಂದಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ತಪ್ಪು ಅವರ ಕಣ್ಣಿನದಲ್ಲ, ನಾನು ಬರೆದುಕೊಟ್ಟ ಚೀಟಿಯದು. ಒಂದೇ ಕೆಲಸವನ್ನು ಅಚ್ಚಿಗೂ ವೆಬ್ಬಿಗೂ ಮಾಡಿಸುವವರು ಯಾವತ್ತಾದರೂ ಒಮ್ಮೆ ಈ ಹಳ್ಳಕ್ಕೆ ಬೀಳುತ್ತಾರೆ. ಹಾಗಾಗಿ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಚೀಟಿ

ನಾನು ಓದಿದ ಹಳ್ಳಿ ಶಾಲೆಗೆ ಐವತ್ತು ವರ್ಷ ತುಂಬಿತ್ತು. ಹಳೆ ವಿದ್ಯಾರ್ಥಿಗಳು ಸೇರಿ ಸ್ಮರಣ ಸಂಚಿಕೆ ತರೋಣ ಅಂತಾಯಿತು. ಡೆಮಿ 1/8 ಸೈಜು, ಅಂದರೆ 5.5 ಇಂಚು ಅಗಲ, 8.5 ಇಂಚು ಎತ್ತರ. ನೂರು ಚಿಲ್ಲರೆ ಪುಟ, ಕೊನೆಯಲ್ಲಿ ಊರಿನ ಅಂಗಡಿಗಳ ಜಾಹೀರಾತು. ಊರು ಬಿಟ್ಟು ದೂರ ಇರುವವರೂ ಓದಲಿ ಅಂತ ಅದನ್ನೇ ವೆಬ್ ಪುಟವಾಗಿಯೂ ಹಾಕುವುದು. ವಿನ್ಯಾಸ ನನ್ನ ತಲೆಗೆ ಬಿತ್ತು. ಪುಟ ಜೋಡಿಸಲು ಪಕ್ಕದ ಪಟ್ಟಣದ ಒಬ್ಬ ಡಿಟಿಪಿಯವರು ಸಿಕ್ಕಿದರು. ವೆಬ್ಬಿಗೆ ಒಬ್ಬ ಹುಡುಗ. ಅವನೂ ನಮ್ಮ ಶಾಲೆಯವನೇ, ನನಗಿಂತ ಹದಿನೈದು ವರ್ಷ ಚಿಕ್ಕವನು.

ಇಬ್ಬರಿಗೂ ಒಂದೇ ಚೀಟಿ ವಾಟ್ಸಾಪ್ ಮಾಡಿದೆ: "ಮೈಬರಹ 12, ಸಾಲು 18, ಶೀರ್ಷಿಕೆ 22, ಅಂಚು 54."

ಇದರಲ್ಲಿ ಏನು ಕಮ್ಮಿ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ಇಬ್ಬರಲ್ಲಿ ಒಬ್ಬರೂ ವಾಪಸ್ ಕೇಳಲೂ ಇಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ ಬಿಡಿ. ಬೆಂಗಳೂರಲ್ಲಿ "ಮೂವತ್ತು-ನಲವತ್ತು ಸೈಟು" ಅಂದರೆ ಅಡಿಯೋ ಮೀಟರೋ ಅಂತ ಯಾರಾದರೂ ಕೇಳುತ್ತಾರಾ? ಹಾಗೇ ಅಚ್ಚಿನವರ ಬೀದಿಯಲ್ಲಿ 12 ಅಂದರೆ 12 ಪಾಯಿಂಟ್. ವೆಬ್ಬಿನವರ ಬೀದಿಯಲ್ಲಿ 12 ಅಂದರೆ 12 ಪಿಕ್ಸೆಲ್. ಎರಡೂ ಬೀದಿಯಲ್ಲಿ ಮಾತು ಪೂರ್ತಿಯೇ. ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಅರ್ಥ ಕೆಡುತ್ತದೆ.

ಹುಡುಗ ಪುಟ ಮುಗಿಸಿ ಸ್ಕ್ರೀನ್‌ಶಾಟ್ ಕಳಿಸಿದ. ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡಿದೆ. ಚೆನ್ನಾಗಿತ್ತು. ಪುಸ್ತಕದ ಪ್ರೂಫಿನ ಹಾಗೇ ಇತ್ತು. ತಪ್ಪು ಅಡಗಿ ಕೂತಿದ್ದೂ ಅಲ್ಲೇ. ಅಕ್ಷರ, ಸಾಲಿನ ಅಂತರ, ಶೀರ್ಷಿಕೆ, ಅಂಚು, ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದವು. ಒಂದಕ್ಕೊಂದು ಇರುವ ಅನುಪಾತ ಸ್ವಲ್ಪವೂ ಕೆಟ್ಟಿರಲಿಲ್ಲ. ಬರೀ ಶೀರ್ಷಿಕೆ ಚಿಕ್ಕದಾಗಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಎಲ್ಲವೂ ಒಟ್ಟಿಗೆ ಚಿಕ್ಕದಾದರೆ, ಅದರಲ್ಲೂ ಹಿಗ್ಗಿಸಿ ನೋಡುವವನಿಗೆ, ಏನೂ ಆಗಿಲ್ಲ ಅನ್ನಿಸುತ್ತದೆ.

ಸ್ಟೀಲ್ ಸ್ಕೇಲು

ಮಂಗಳವಾರ ಸಂಜೆ ಶಾಲೆಯಲ್ಲಿ ಸಮಿತಿ ಸಭೆ. ಮೇಷ್ಟ್ರು ಕೈಯಲ್ಲಿ ಒಂದು ಕಂತೆ ಹಿಡಿದು ಬಂದರು. ಪರದೆ ಮೇಲೆ ಓದಲಾಗದೆ ಮೊಮ್ಮಗನಿಗೆ ಹೇಳಿ ವೆಬ್ ಪುಟವನ್ನು ಪ್ರಿಂಟ್ ಹಾಕಿಸಿದ್ದರು. "ಪ್ರಿಂಟಲ್ಲೂ ಇಷ್ಟೇ ಕಣಪ್ಪಾ. ಈಗ ಹೇಳು, ನನ್ನ ಕಣ್ಣೋ ನಿನ್ನ ಅಕ್ಷರವೋ?"

ಪುಣ್ಯಕ್ಕೆ ಪುಸ್ತಕದ ಪ್ರೂಫ್ ನನ್ನ ಚೀಲದಲ್ಲೇ ಇತ್ತು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಒಂದೇ ಲೇಖನ, ಒಂದು ಅಣ್ಣನ ಹಾಗೆ, ಇನ್ನೊಂದು ತಮ್ಮನ ಹಾಗೆ. ಎಷ್ಟು ಚಿಕ್ಕದು ಅಂತ ಅಳೆಯಬೇಕಲ್ಲ, ಆಫೀಸಿನಿಂದ ಸ್ಟೀಲ್ ಸ್ಕೇಲು ತರಿಸಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 12 ಪಾಯಿಂಟ್ ಅಂದರೆ 4.23 ಮಿಲಿಮೀಟರ್ ಅಂತ ಲೆಕ್ಕ ಹೇಳುತ್ತದೆ. ಆದರೆ ಅಚ್ಚಾದ ಹಾಳೆಯಲ್ಲಿ 'ರ' ಅಕ್ಷರದ ಮೇಲೆ ಸ್ಕೇಲು ಇಟ್ಟರೆ 4.23 ಸಿಗುವುದಿಲ್ಲ. ಪಾಯಿಂಟ್ ಅಳೆಯುವುದು ಅಕ್ಷರವನ್ನಲ್ಲ, ಅಕ್ಷರ ಕೂತಿರುವ ಚೌಕವನ್ನು. ಅಚ್ಚುಮೊಳೆಯ ಕಾಲದಲ್ಲಿ ಅದು ಸೀಸದ ತುಂಡಿನ ಎತ್ತರ. ತುಂಡಿನ ಮೇಲೆ ಅಕ್ಷರ ಎಷ್ಟು ದೊಡ್ಡದಾಗಿ ಕೂರಬೇಕು ಅನ್ನೋದು ಮೊಳೆ ಕೊರೆದವನ ಇಷ್ಟ. ಈಗ ಸೀಸ ಹೋಗಿದೆ, ಚೌಕ ಹಾಗೇ ಉಳಿದಿದೆ. ಹಾಗಾಗಿ ಒಂದೇ 12 ಪಾಯಿಂಟಿನಲ್ಲಿ ಎರಡು ಫಾಂಟು ಬೇರೆ ಬೇರೆ ಗಾತ್ರ ಕಾಣಬಹುದು. ನಾವು ಪುಸ್ತಕಕ್ಕೆ ಒಂದು ಫಾಂಟು, ವೆಬ್ಬಿಗೆ ನೋಟೋ ಸಾನ್ಸ್ ಕನ್ನಡ ಹಾಕಿದ್ದೆವು. ಅಕ್ಷರ ಅಳೆದು ಹೋಲಿಸಿದರೆ ಏನೂ ಪ್ರಯೋಜನ ಇರಲಿಲ್ಲ.

ಅಳೆಯಬೇಕಾದ್ದು ಸಾಲಿನಿಂದ ಸಾಲಿಗೆ ಇರುವ ದೂರ. ಅದೂ ಒಂದು ಸಾಲಲ್ಲ. ಒಂದು ಸಾಲಿಗೆ ಅರ್ಧ ಮಿಲಿಮೀಟರ್ ಕೈ ತಪ್ಪಿದರೆ ಲೆಕ್ಕವೇ ಹಾಳು. ಮೊದಲನೇ ಸಾಲಿನ ಬುಡದಿಂದ ಹನ್ನೊಂದನೇ ಸಾಲಿನ ಬುಡದವರೆಗೆ ಅಳೆದರೆ ಹತ್ತು ಅಂತರ ಸಿಗುತ್ತದೆ. ಪುಸ್ತಕದ ಪ್ರೂಫಿನಲ್ಲಿ ಬಂದಿದ್ದು ಅರವತ್ತಮೂರೂವರೆ ಮಿಲಿಮೀಟರ್. ಮೇಷ್ಟ್ರ ಪ್ರಿಂಟಿನಲ್ಲಿ ನಲವತ್ತೇಳೂವರೆ.

ಹತ್ತು ಅಂತರ, ಒಂದೊಂದೂ 18 ಪಾಯಿಂಟ್, ಒಟ್ಟು 180 ಪಾಯಿಂಟ್. ಇಂಚಿಗೆ 72 ಪಾಯಿಂಟ್, ಅಂದರೆ ಸರಿಯಾಗಿ ಎರಡೂವರೆ ಇಂಚು, 63.5 ಮಿಲಿಮೀಟರ್. ಪುಸ್ತಕ ಸರಿ ಇದೆ. ಇನ್ನೊಂದು? 180ನ್ನು 96ರಿಂದ ಭಾಗಿಸಿದೆ. 1.875 ಇಂಚು, 47.6 ಮಿಲಿಮೀಟರ್. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಬ್ರೌಸರ್ ನನ್ನ 18ನ್ನು ಪಿಕ್ಸೆಲ್ ಅಂತ ಓದಿತ್ತು. ವೆಬ್ಬಿನ ಲೆಕ್ಕದಲ್ಲಿ ಒಂದು ಇಂಚಿಗೆ 96 ಪಿಕ್ಸೆಲ್. 72 ಭಾಗಿಸು 96, ಮುಕ್ಕಾಲು. ನಾನು ಕೇಳಿದ 12 ಪಾಯಿಂಟಿಗೆ ಓದುಗರಿಗೆ ಸಿಕ್ಕಿದ್ದು 9 ಪಾಯಿಂಟ್.

"ಅಂದ್ರೆ ರೂಪಾಯಿಗೆ ನಾಲ್ಕಾಣೆ ಹೊಡೆದಿದ್ದೀಯ" ಅಂದರು ಮೇಷ್ಟ್ರು.

72 ಎಲ್ಲಿಂದ, 96 ಎಲ್ಲಿಂದ

ಪಾಯಿಂಟಿಗೂ ಒಂದೇ ಅಳತೆ ಅಂತ ಇರಲಿಲ್ಲ. ಫ್ರಾನ್ಸಿನ ದಿದೋ ಪಾಯಿಂಟ್ ಸುಮಾರು 0.376 ಮಿಲಿಮೀಟರ್. ಅಮೆರಿಕದ ಮೊಳೆ ಎರಕದವರು 1886ರಲ್ಲಿ ಒಪ್ಪಿಕೊಂಡ ಪಾಯಿಂಟ್ ಸುಮಾರು 0.3515 ಮಿಲಿಮೀಟರ್, ಅಂದರೆ ಇಂಚಿಗೆ 72ಕ್ಕಿಂತ ಚೂರು ಜಾಸ್ತಿ, 72.27. 1980ರ ದಶಕದಲ್ಲಿ, ಪ್ರಿಂಟರಿಗೆ ಪುಟ ವಿವರಿಸುವ ಭಾಷೆ, ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್ ಬಂದಾಗ ಆ ಚಿಲ್ಲರೆ ಬಿಟ್ಟು ಸರಿಯಾಗಿ 72 ಮಾಡಿದರು. ಇವತ್ತು ಡಿಟಿಪಿಯಲ್ಲಿ ನಡೆಯುವುದು ಅದೇ. 12 ಪಾಯಿಂಟ್ ಒಂದು ಪೈಕಾ, 6 ಪೈಕಾ ಒಂದು ಇಂಚು.

ಹಳೆ ಚಿಲ್ಲರೆ ಪೂರ್ತಿ ಸತ್ತಿಲ್ಲ. ನಮ್ಮ ಸಂಚಿಕೆಗೆ ಒಬ್ಬ ಹಳೆ ವಿದ್ಯಾರ್ಥಿ, ಈಗ ಗಣಿತದ ಲೆಕ್ಚರರ್, ಮಾಯಾಚೌಕದ ಮೇಲೆ ಒಂದು ಲೇಖನ ಬರೆದು, ಗಣಿತದವರು ಪುಟ ಜೋಡಿಸಲು ಬಳಸುವ ತಂತ್ರಾಂಶ ಲೇಟೆಕ್‌ನಲ್ಲಿ ಮಾಡಿದ ಪಿಡಿಎಫ್ ಕಳಿಸಿದ್ದರು. ಡಿಟಿಪಿಯವರು ಅದರ ಅಕ್ಷರ ಗಾತ್ರ ನೋಡಿ ನನಗೆ ಫೋನ್ ಮಾಡಿದರು. "ಸಾರ್, ಇವರು 11.9552 ಪಾಯಿಂಟ್ ಇಟ್ಟಿದಾರೆ. ಗಣಿತದೋರು ಅಂದ್ರೆ ಇಷ್ಟು ಕರಾರುವಾಕ್ಕಾ?" ಲೆಕ್ಚರರ್ ಇಟ್ಟಿದ್ದು 12 ಅಷ್ಟೇ. ಲೇಟೆಕ್ ಒಳಗೆ ಕೆಲಸ ಮಾಡುವ ಟೆಕ್ ಇವತ್ತಿಗೂ 72.27ರ ಪಾಯಿಂಟನ್ನೇ ಪಾಯಿಂಟ್ ಅನ್ನುತ್ತದೆ. ಅದನ್ನು 72ರ ಲೆಕ್ಕಕ್ಕೆ ತಂದರೆ 12 ಅನ್ನೋದು 11.9552 ಆಗುತ್ತದೆ. ಅಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಹಾಗೇ ಬಿಟ್ಟೆವು.

96ರ ಕತೆ ಬೇರೆ. 1984ರ ಮೊದಲ ಮ್ಯಾಕಿಂತೋಷ್ ಪರದೆಯಲ್ಲಿ ಇಂಚಿಗೆ 72 ಚುಕ್ಕಿ. ಅಲ್ಲಿ ಒಂದು ಪಾಯಿಂಟಿಗೆ ಒಂದು ಚುಕ್ಕಿ, ಜಗಳವೇ ಇಲ್ಲ. ವಿಂಡೋಸ್ ಇಂಚಿಗೆ 96 ಅಂತ ಲೆಕ್ಕ ಹಿಡಿಯಿತು. ವೆಬ್ಬಿನಲ್ಲಿ ಕೊನೆಗೆ ಉಳಿದಿದ್ದು ಆ 96. ವೆಬ್ ಪುಟದ ಅಕ್ಷರ, ಅಂತರ, ಅಂಚು ಎಷ್ಟಿರಬೇಕು ಅಂತ ಬರೆಯುವ ಭಾಷೆಗೆ ಸಿಎಸ್‌ಎಸ್ ಅಂತ ಹೆಸರು. 2011ರಲ್ಲಿ ಅಂತಿಮವಾದ ಸಿಎಸ್‌ಎಸ್ 2.1 ನಿಯಮದಲ್ಲಿ ಒಂದು ಇಂಚು ಅಂದರೆ 96 ಪಿಕ್ಸೆಲ್, 72 ಪಾಯಿಂಟ್ ಅಂತ ಗಂಟು ಹಾಕಿದ್ದಾರೆ. ಹಾಗಾಗಿ ಸಿಎಸ್‌ಎಸ್ ಒಳಗೆ ಪಾಯಿಂಟನ್ನು ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಪಿಕ್ಸೆಲ್. ನನ್ನ 12, 18, 22, 54 ಅನ್ನೋವು ವೆಬ್ಬಿಗೆ 16, 24, 29.33, 72 ಆಗಬೇಕಿತ್ತು.

ಒಂದು ಎಚ್ಚರಿಕೆ. ಈ ಇಂಚನ್ನು ಪರದೆ ಮೇಲೆ ಸ್ಕೇಲು ಇಟ್ಟು ಹುಡುಕಬೇಡಿ, ಸಿಗುವುದಿಲ್ಲ. ವೆಬ್ಬಿನ ಪಿಕ್ಸೆಲ್ ಅನ್ನೋದು ಪರದೆಯ ಚುಕ್ಕಿಯೂ ಅಲ್ಲ. ಕೈ ಚಾಚಿದಷ್ಟು ದೂರದಲ್ಲಿ, ಅಂದರೆ 28 ಇಂಚಿನಲ್ಲಿ, ಇಂಚಿಗೆ 96ರ ಪರದೆಯ ಒಂದು ಚುಕ್ಕಿ ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟು. ಫೋನನ್ನು ನಾವು ಹತ್ತಿರ ಹಿಡಿಯುತ್ತೇವೆ, ಅದಕ್ಕೆ ಅಲ್ಲಿ ಒಂದು ಪಿಕ್ಸೆಲ್ಲು ನಿಜವಾದ ಅಳತೆಯಲ್ಲಿ ಚಿಕ್ಕದು. ಒಂದು ಸಿಎಸ್‌ಎಸ್ ಪಿಕ್ಸೆಲ್ಲಿಗೆ ಫೋನಿನ ಚುಕ್ಕಿ ಅಡ್ಡಕ್ಕೆ ಎರಡೋ ಮೂರೋ ಕೂಡ ಇರಬಹುದು. ಸ್ಕೇಲು ಇಟ್ಟು ನ್ಯಾಯ ಹೇಳಲು ನನಗೆ ಸಾಧ್ಯವಾಗಿದ್ದು ಮೇಷ್ಟ್ರು ಪ್ರಿಂಟ್ ತೆಗೆಸಿದ್ದರಿಂದ. ಕಾಗದಕ್ಕೆ ಇಳಿಯುವಾಗ ಮಾತ್ರ, ಪ್ರಿಂಟ್ ಹಾಕುವಾಗ ಹಿಗ್ಗಿಸದೆ ಕುಗ್ಗಿಸದೆ 100 ಪರ್ಸೆಂಟಿನಲ್ಲಿ ಇಟ್ಟಿದ್ದರೆ, ಆ 96 ನಿಜವಾದ ಇಂಚಾಗುತ್ತದೆ.

ಕನ್ನಡಕ್ಕೆ ಪೆಟ್ಟು ಜಾಸ್ತಿ

ಇದೇ ತಪ್ಪು ಇಂಗ್ಲಿಷ್ ಪುಟದಲ್ಲಾಗಿದ್ದರೆ ಯಾರೋ ಒಬ್ಬಿಬ್ಬರು ಗೊಣಗಿ ಸುಮ್ಮನಾಗುತ್ತಿದ್ದರೇನೋ. ಕನ್ನಡಕ್ಕೆ ಹಾಗಲ್ಲ. ನಮ್ಮ ಅಕ್ಷರಕ್ಕೆ ಮೇಲೊಂದು ಮಹಡಿ, ಕೆಳಗೊಂದು ನೆಲಮಾಳಿಗೆ. ಮೇಲೆ ಗುಡಿಸು, ಏತ್ವ. ಕೆಳಗೆ ಒತ್ತು. 'ರಾಷ್ಟ್ರೀಯ' ಅನ್ನೋ ಮಾತನ್ನೇ ನೋಡಿ. 'ಷ'ಕ್ಕೆ ಒಂದು 'ಟ' ಒತ್ತು, ಅದಕ್ಕೆ ಅಂಟಿಕೊಂಡು 'ರ' ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. 12 ಪಿಕ್ಸೆಲ್ಲಿನಲ್ಲಿ, ಹಳೆ ಮಾನಿಟರಿನ ಮೇಲೆ, ಇಷ್ಟು ಸಂಸಾರಕ್ಕೆ ಸಿಗುವುದು ಮೇಲಿಂದ ಕೆಳಗೆ ಒಟ್ಟು ಹನ್ನೆರಡು ಚುಕ್ಕಿ. ಒತ್ತಿನ ಪಾಲಿಗೆ ಮೂರೋ ನಾಲ್ಕೋ. 'ತ್ತ' ಯಾವುದು, 'ತ್ನ' ಯಾವುದು ಅಂತ ಅಂದಾಜಿನ ಮೇಲೆ ಓದಬೇಕು. ಮೇಷ್ಟ್ರು ಇರುವೆ ಅಂದಿದ್ದು ಈ ಒತ್ತುಗಳನ್ನೇ.

ಹುಡುಗ ಅವತ್ತು ರಾತ್ರಿಯೇ ಎಲ್ಲವನ್ನೂ ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿ ಹಾಕಿದ. ಮೈಬರಹ 16, ಶೀರ್ಷಿಕೆ 29.33. "ಆಯ್ತಣ್ಣ" ಅಂದ. ಬೆಳಗ್ಗೆ ಫೋನಿನಲ್ಲಿ ತೆರೆದು ನೋಡಿದರೆ ಹೊಸ ರಗಳೆ. ಒಂದು ಲೇಖನದ ಶೀರ್ಷಿಕೆ ಫೋನಿನ ಅಗಲಕ್ಕೆ ಎರಡು ಸಾಲಾಗಿತ್ತು. ಮೇಲಿನ ಸಾಲಲ್ಲಿ 'ಮತ್ತೊಮ್ಮೆ', ಅದರ ಸರಿಯಾಗಿ ಕೆಳಗೆ 'ಕಿರಿಯರ'. 'ತ್ತೊ'ದ ಒತ್ತು ಬಂದು 'ಕಿ'ಯ ಗುಡಿಸಿನ ಮೇಲೆ ಕೂತಿತ್ತು.

ಕಾರಣ ಇಷ್ಟು. ಸಾಲಿನ ಅಂತರವನ್ನು ಅವನು ಇಡೀ ಪುಟಕ್ಕೆ 24 ಪಿಕ್ಸೆಲ್ ಅಂತ ಮೇಲೇ ಒಂದು ಕಡೆ ಬರೆದಿದ್ದ. ಒಳಗಿನ ಶೀರ್ಷಿಕೆಗಳು ಅದೇ 24ನ್ನು ಬಳುವಳಿಯಾಗಿ ತೆಗೆದುಕೊಂಡಿದ್ದವು. 29 ಪಿಕ್ಸೆಲ್ಲಿನ ಅಕ್ಷರ 24 ಪಿಕ್ಸೆಲ್ಲಿನ ಸಾಲಲ್ಲಿ ಮಲಗಬೇಕು. ಗಿಡ್ಡ ಮಂಚದ ಮೇಲೆ ಉದ್ದ ಮನುಷ್ಯ. ಮೊದಲೂ ಈ ತೊಂದರೆ ಇತ್ತು, 22ರ ಅಕ್ಷರಕ್ಕೆ 18ರ ಸಾಲು. ಆದರೆ ಅಕ್ಷರ ಚಿಕ್ಕದಿದ್ದಾಗ ಆ ಶೀರ್ಷಿಕೆ ಒಂದೇ ಸಾಲಿನಲ್ಲಿ ಹಿಡಿಸಿತ್ತು, ಗೊತ್ತಾಗಿರಲಿಲ್ಲ.

ಇದಕ್ಕೆ ಮದ್ದು ಕೇಳಿದರೆ ನಿಮಗೆ ನಗು ಬರಬಹುದು. ಸಿಎಸ್‌ಎಸ್‌ನಲ್ಲಿ ಸಾಲಿನ ಅಂತರವನ್ನು ಯಾವ ಯೂನಿಟ್ಟೂ ಇಲ್ಲದೆ ಬರೀ 1.5 ಅಂತ ಬರೆಯಬೇಕು. ಆಗ ಪ್ರತಿಯೊಂದು ಅಕ್ಷರವೂ ತನ್ನ ತನ್ನ ಗಾತ್ರದ ಒಂದೂವರೆ ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಅಳತೆ ಹೇಳದೆ ಸಂಖ್ಯೆ ಬರೆದಿದ್ದಕ್ಕೆ ಇಷ್ಟೆಲ್ಲ ಆಯಿತಲ್ಲ, ಇಲ್ಲಿ ಮಾತ್ರ ಅಳತೆ ಹೇಳದಿದ್ದರೇ ಸರಿ. ನಾನು 1.5 ತೆಗೆದು 1.6 ಹಾಕಿಸಿದೆ. ಪರದೆ ಮೇಲೆ ಕನ್ನಡಕ್ಕೆ ಅಷ್ಟು ಗಾಳಿ ಬೇಕು ಅನ್ನೋದು ನನ್ನ ಅನುಭವ. ಬೇರೆಯವರು ಬೇರೆ ಹೇಳಬಹುದು.

ಮೇಷ್ಟ್ರ ಕಡೆಯಿಂದ ಇನ್ನೂ ಒಂದು ದೂರು ಬಂತು. "ವಾಸಿ ಆಗಿದೆ. ಆದ್ರೆ ಬೇರೆ ಪುಟ ಎಲ್ಲ ನನ್ನ ಕಂಪ್ಯೂಟರಲ್ಲಿ ದಪ್ಪ ಕಾಣ್ತವೆ, ನಿಂದು ಮಾತ್ರ ಯಾಕೆ ಸಣ್ಣ?" ಮೊಮ್ಮಗ ಅವರ ಬ್ರೌಸರಿನ ಸೆಟ್ಟಿಂಗಿನಲ್ಲಿ ಅಕ್ಷರವನ್ನು ದೊಡ್ಡದು ಅಂತ ಇಟ್ಟಿದ್ದ. ಸಾಮಾನ್ಯವಾಗಿ 16 ಇರುವುದು ಅಲ್ಲಿ 20 ಆಗಿತ್ತು. ಪಿಕ್ಸೆಲ್ಲಿನಲ್ಲಿ ಬರೆದ ಅಕ್ಷರ ಆ ಸೆಟ್ಟಿಂಗನ್ನು ಕ್ಯಾರೇ ಅನ್ನುವುದಿಲ್ಲ. 16 ಅಂದರೆ 16. ಅದೇ ಸಿಎಸ್‌ಎಸ್‌ನ ಇನ್ನೊಂದು ಅಳತೆಯಾದ ರೆಮ್ ಹಿಡಿದು, ಒಂದು ರೆಮ್ ಅಂತ ಬರೆದರೆ, ಓದುಗ ಏನು ಇಟ್ಟುಕೊಂಡಿದ್ದಾನೋ ಅದೇ ಗಾತ್ರ. ನನ್ನ ಬ್ರೌಸರಿನಲ್ಲಿ 16, ಮೇಷ್ಟ್ರದರಲ್ಲಿ 20, ಅಂದರೆ 15 ಪಾಯಿಂಟ್.

ಹುಡುಗ ರೆಮ್ ಬದಲು ಕೆಲವು ಕಡೆ ಎಮ್ ಹಾಕಿದ್ದ. ಎಮ್ ಅಂದರೆ ಹೊರಗಿನ ಚೌಕಟ್ಟಿನ ಅಕ್ಷರ ಎಷ್ಟೋ ಅದರ ಲೆಕ್ಕ. ಚೌಕಟ್ಟಿನೊಳಗೆ 0.85, ಅದರೊಳಗಿನ ಫೋಟೋ ಅಡಿಬರಹಕ್ಕೆ ಮತ್ತೆ 0.85. ಗುಣಿಸಿದರೆ 0.7225, ಹನ್ನೊಂದೂವರೆ ಪಿಕ್ಸೆಲ್. ಇರುವೆ ಹಿಂಬಾಗಿಲಿನಿಂದ ಮತ್ತೆ ಒಳಗೆ. ಅದನ್ನೂ ರೆಮ್ ಮಾಡಿಸಿದೆ.

ಜಾಹೀರಾತಿನ ಪುಟ

ಇದರ ಮಧ್ಯೆ ಡಿಟಿಪಿಯವರ ಕಡೆ ಇನ್ನೊಂದು ಉಲ್ಟಾ ತಪ್ಪು ಆಗುತ್ತಿತ್ತು. ಇದರಲ್ಲೂ ಅರ್ಧ ಪಾಲು ನನ್ನದೇ. ಊರಿನ ಬಟ್ಟೆ ಅಂಗಡಿಯವರು ಪೂರ್ತಿ ಪುಟದ ಜಾಹೀರಾತು ಕೊಟ್ಟಿದ್ದರು. ಅವರ ಮಗ ಕೇಳಿದ, "ಅಣ್ಣಾ, ಸೈಜು ಎಷ್ಟು ಪಿಕ್ಸೆಲ್?" ಆಗ ತಾನೇ 96 ಕಲಿತು ಬೀಗುತ್ತಿದ್ದ ನಾನು 5.5ನ್ನು 96ರಿಂದ ಗುಣಿಸಿ ಹೇಳಿಬಿಟ್ಟೆ: 528 ಅಗಲ, 816 ಎತ್ತರ.

ಆ ಚಿತ್ರ ಡಿಟಿಪಿಯವರು ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನ ಪುಟಕ್ಕೆ ಬಂತು. 72ರ ಲೆಕ್ಕದಲ್ಲಿ 528 ಅಂದರೆ 7.33 ಇಂಚು, ಪುಟಕ್ಕಿಂತ ಹೊರಗೆ ಚಾಚಿಕೊಂಡಿತು. ಡಿಟಿಪಿಯವರು ಅದನ್ನು ಪುಟದೊಳಗೆ ಕುಗ್ಗಿಸಿದರು. ಆ ತಂತ್ರಾಂಶದಲ್ಲಿ ಅಳತೆಯನ್ನು ಪಿಕ್ಸೆಲ್ ಅಂತ ಆರಿಸಿಕೊಂಡರೂ ಒಂದು ಪಿಕ್ಸೆಲ್ ಅಂದರೆ ಒಂದು ಪಾಯಿಂಟೇ, ಇಂಚಿಗೆ 72. ವೆಬ್ಬಿನ ಪಿಕ್ಸೆಲ್ ಅಲ್ಲ. ಹೆಸರು ಒಂದೇ, ಊರು ಬೇರೆ.

ಕುಗ್ಗಿಸಿದ ಮೇಲೆ ಸೈಜು ಸರಿಯಾಯಿತು, ಆದರೆ ಪ್ರೂಫಿನಲ್ಲಿ ಸೀರೆಯ ಅಂಚೆಲ್ಲ ಮಂಜುಮಂಜು. ಐದೂವರೆ ಇಂಚಿಗೆ ಇದ್ದದ್ದು ಬರೀ 528 ಚುಕ್ಕಿ, ಇಂಚಿಗೆ 96. ಆಫ್‌ಸೆಟ್ ಅಚ್ಚಿಗೆ ಫೋಟೋ ಇಂಚಿಗೆ 300 ಚುಕ್ಕಿ, ಅಂದರೆ 300 ಡಿಪಿಐ, ಇರಲಿ ಅನ್ನೋದು ರೂಢಿ. "300 ಡಿಪಿಐ ಮಾಡಿ ಕಳ್ಸಪ್ಪಾ" ಅಂದೆ. ಐದು ನಿಮಿಷದಲ್ಲಿ ಫೈಲು ಬಂತು. ನಿಜವಾಗಿ 300 ಡಿಪಿಐ. ತೆರೆದು ನೋಡಿದರೆ ಅದೇ 528, ಅದೇ 816. ಅಂಗಡಿಯವರ ಮಗ ಚೀಟಿ ಮಾತ್ರ ಬದಲಾಯಿಸಿದ್ದ, ಸರಕು ಹಾಗೇ ಇತ್ತು. ಅಚ್ಚಿನವರ ಕಣ್ಣಿಗೆ ಅದು ಈಗ 1.76 ಇಂಚು ಅಗಲದ ಚಿತ್ರ, ಹೆಚ್ಚುಕಮ್ಮಿ ಬೆಂಕಿಪೊಟ್ಟಣದಷ್ಟು.

ಅವನನ್ನು ಬೈಯಲಾಗಲಿಲ್ಲ. ಕೇಳಿದ್ದೇ ತಪ್ಪು. ಚಿತ್ರಕ್ಕೆ ಡಿಪಿಐ ಒಂದನ್ನೇ ಹೇಳಿದರೂ ಅರ್ಥವಿಲ್ಲ, ಇಂಚು ಒಂದನ್ನೇ ಹೇಳಿದರೂ ಅರ್ಥವಿಲ್ಲ. ಎರಡನ್ನೂ ಗುಣಿಸಿ ಎಷ್ಟು ಚುಕ್ಕಿ ಅಂತ ಹೇಳಬೇಕು. 1650 ಅಗಲ, 2550 ಎತ್ತರ. ಫೋನಿನಲ್ಲಿ ತೆಗೆದ ಮೂಲ ಫೋಟೋ ಅವರ ಹತ್ತಿರ ಇತ್ತು, ಅದರಿಂದ ಹೊಸದಾಗಿ ಮಾಡಿಕೊಟ್ಟರು. ಮೂಲ ಇಲ್ಲದಿದ್ದರೆ ಆ ಪುಟ ಹಾಗೇ ಹೋಗುತ್ತಿತ್ತು.

ಕೊನೆಯ ಚೀಟಿ

ಗುರುವಾರ ರಾತ್ರಿ ಇಬ್ಬರಿಗೂ ಬೇರೆ ಬೇರೆ ಚೀಟಿ ಕಳಿಸಿದೆ. ಡಿಟಿಪಿಯವರಿಗೆ: ಮೈಬರಹ 12 ಪಾಯಿಂಟ್, ಲೀಡಿಂಗ್ (ಸಾಲಿನ ಅಂತರ) 18 ಪಾಯಿಂಟ್, ಶೀರ್ಷಿಕೆ 22 ಪಾಯಿಂಟ್, ಅಂಚು ಮುಕ್ಕಾಲು ಇಂಚು. 54 ಪಾಯಿಂಟ್ ಅಂದರೂ ಅದೇ, ಆದರೆ ಅಂಚನ್ನು ಅಚ್ಚಿನವರು ಅಳೆಯುವುದು ಸ್ಕೇಲಿನಿಂದ. ಹುಡುಗನಿಗೆ: ಮೈಬರಹ 1 ರೆಮ್, ಸಾಲು 1.6, ಶೀರ್ಷಿಕೆ 1.8 ರೆಮ್ ಮತ್ತು ಅದರ ಸಾಲು 1.4. ಅಡಿಬರಹ 0.85 ರೆಮ್, ಯಾವ ಚೌಕಟ್ಟಿನೊಳಗಿದ್ದರೂ ಅಷ್ಟೇ. ಅಂಚನ್ನು ಪುಸ್ತಕದಿಂದ ತರಲೇ ಇಲ್ಲ. 72 ಪಿಕ್ಸೆಲ್ ಅಂಚನ್ನು ಎರಡೂ ಕಡೆ ಫೋನಿಗೆ ಹಾಕಿದರೆ ಓದಲು ಉಳಿಯುವುದೇನು? ಅಲ್ಲಿಗೆ 1 ರೆಮ್ ಸಾಕು ಅಂದೆ. 22ಕ್ಕೆ ಸರಿಯಾಗಿ 1.83 ಬರಬೇಕು, ನಾನು 1.8 ಬರೆದೆ. ವೆಬ್ಬಿನಲ್ಲಿ ಅಷ್ಟು ನಿಖರತೆಗೆ ಬೆಲೆ ಇಲ್ಲ ಅನ್ನೋದು ಅಷ್ಟೊತ್ತಿಗೆ ಅರ್ಥವಾಗಿತ್ತು.

ಶನಿವಾರ ಸಂಚಿಕೆ ಅಚ್ಚಿಗೆ ಹೋಯಿತು. ಭಾನುವಾರ ಬೆಳಗ್ಗೆ ಅದೇ ಹೊತ್ತಿಗೆ ಮತ್ತೆ ಫೋನು.

"ಈಗ ಆರಾಮಾಗಿ ಓದ್ಬಹುದು ಕಣಪ್ಪಾ. ಪೂರ್ತಿ ಓದಿದೆ."

"ಸಂತೋಷ ಮೇಷ್ಟ್ರೇ."

"ಅಧ್ಯಕ್ಷರ ಮಾತಿನಲ್ಲಿ 'ಶುಭಾಷಯ' ಅಂತ ಇದೆ. 'ಶ' ಆಗ್ಬೇಕು. ಪುಸ್ತಕದಲ್ಲೂ ಹಿಂಗೇ ಇದೆಯಾ?"